ಆಷಾಢದಲ್ಲಿ ಮನೆ ನೋಡಿ

(ಬೆಂಗಳೂರಿನಲ್ಲಿ ನಿವೃತ್ತ ನೌಕರರ ಮುಂದೆ ಆಡಿದ ಮಾತುಗಳ ಬರಹ ರೂಪ)

ಆಷಾಢದಲ್ಲಿ ಯಾರೂ ಮನೆ ನೋಡಲು ಹೋಗುವುದಿಲ್ಲ. ಮದುವೆಯ ಮಾತಿಲ್ಲ, ಗೃಹಪ್ರವೇಶವಿಲ್ಲ, ಯಾವ ವ್ಯವಹಾರಕ್ಕೂ ಮುಂಗಡ ಕೊಡುವುದಿಲ್ಲ. ನಾನು ಹೇಳಲು ಬಂದಿರುವುದು ಅದಕ್ಕೆ ತದ್ವಿರುದ್ಧ. ಮಲೆನಾಡಿನಲ್ಲೊಂದು ಮನೆ ಕೊಂಡು ನೆಮ್ಮದಿಯಾಗಿ ಕಾಲ ಕಳೆಯಬೇಕೆಂದು ಆಸೆಪಟ್ಟಿರುವವರು ಆಷಾಢದಲ್ಲೇ ಹೋಗಿ ಮನೆ ನೋಡಿ. ಮುಂಗಡವನ್ನು ಬೇಕಾದರೆ ಶ್ರಾವಣದಲ್ಲಿ ಕೊಡಿ, ನನ್ನದೇನೂ ತಕರಾರಿಲ್ಲ.

ನಾವು ನೋಡಿದ್ದು 2018ರ ಡಿಸೆಂಬರಿನಲ್ಲಿ. ನಾನು ಬ್ಯಾಂಕಿನಿಂದ ನಿವೃತ್ತಳಾಗಿ ಆರು ತಿಂಗಳು, ಯಜಮಾನರು ಕಾರ್ಖಾನೆ ಬಿಟ್ಟು ನಾಲ್ಕು ವರ್ಷ. ಇಬ್ಬರೂ ಬಯಲುಸೀಮೆಯವರು. ನನ್ನದು ತಿಪಟೂರಿನ ಕಡೆ, ಅವರದು ಸಿರಾ. ಮಳೆ ಬಂದರೆ ಅಂಗಳಕ್ಕೆ ಓಡಿಹೋಗಿ ನೋಡುತ್ತಿದ್ದ ಜನ. ಸಾಗರ ತಾಲ್ಲೂಕಿನ ಆ ಹಳ್ಳಿ ತಲುಪಿದಾಗ ಬೆಳಗಿನ ಒಂಬತ್ತು ಗಂಟೆ, ತೋಟದ ಮೇಲಿನ ಮಂಜು ಇನ್ನೂ ಎದ್ದಿರಲಿಲ್ಲ. ಸಗಣಿ ಸಾರಿಸಿದ ಅಂಗಳದಲ್ಲಿ ಬೇಯಿಸಿದ ಅಡಿಕೆ ಹರಡಿದ್ದರು. ಮನೆಯವರು ಜಗಲಿಯಲ್ಲಿ ಕೂರಿಸಿ ಬಾಳೆಲೆಯ ತುಂಡಿನಲ್ಲಿ ತೊಡೆದೇವು ಕೊಟ್ಟರು, ಮೇಲೆ ತುಪ್ಪ. ಕಬ್ಬಿನ ಹಾಲಿನಲ್ಲಿ ಮಾಡುವ, ಕಾಗದದಷ್ಟು ತೆಳುವಾದ ಆ ತಿಂಡಿಯನ್ನು ಬಾಯಲ್ಲಿ ಇಟ್ಟುಕೊಂಡು ಬೆಲೆ ಚೌಕಾಸಿ ಮಾಡುವುದು ಬಹಳ ಕಷ್ಟ. ಯಜಮಾನರು ಮಾಡಲಿಲ್ಲ.

2019ರ ಮೇ ತಿಂಗಳಲ್ಲಿ ಹೋಗಿ ಸೇರಿದೆವು. ಜುಲೈ ಬಂತು. ಬೆಂಗಳೂರಿನಲ್ಲಿ ವರ್ಷವಿಡೀ ಬೀಳುವ ಮಳೆ ಸರಾಸರಿ 970 ಮಿಲಿಮೀಟರ್, ಆಗುಂಬೆಯಲ್ಲಿ 7,000ಕ್ಕೂ ಹೆಚ್ಚು. ನಮ್ಮ ಹಳ್ಳಿ ಆಗುಂಬೆಯಲ್ಲ, ಆದರೂ ಬಯಲುಸೀಮೆಯವರ ಲೆಕ್ಕ ತಪ್ಪಿಸಲು ಸಾಕಾಗುವಷ್ಟು ಹೊಯ್ಯುತ್ತದೆ. ಆ ವರ್ಷದ ಆಶ್ಲೇಷಾ ಮಳೆ ನಿಮಗೂ ನೆನಪಿರಬಹುದು, ಆಗಸ್ಟಿನಲ್ಲಿ ರಾಜ್ಯದ ಅರ್ಧ ಭಾಗ ನೆರೆಯಲ್ಲಿ ಮುಳುಗಿತ್ತು. ನಮ್ಮಲ್ಲಿ ನೆರೆ ಬರಲಿಲ್ಲ, ಮನೆ ಎತ್ತರದಲ್ಲಿದೆ. ಆದರೆ ಡಿಸೆಂಬರಿನಲ್ಲಿ ಕಾಣದಿದ್ದದ್ದೆಲ್ಲ ಒಂದೊಂದಾಗಿ ಕಾಣತೊಡಗಿತು. ಅಡುಗೆಮನೆಯ ಮಾಡು ಮೂರು ಕಡೆ ಸೋರುತ್ತಿತ್ತು. ಕರೆಂಟು ಹೋದರೆ ಮೂರು ದಿನಕ್ಕೆ ಬರುತ್ತಿತ್ತು. ಕರೆಂಟು ಹೋದ ಮೇಲೆ ಮೊಬೈಲ್ ಗೋಪುರವೂ ಒಂದಷ್ಟು ಹೊತ್ತು ಉಸಿರಾಡಿ ಸುಮ್ಮನಾಗುತ್ತಿತ್ತು. ಮುಖ್ಯರಸ್ತೆಯಿಂದ ಮನೆಗೆ ಬರುವ ಮಣ್ಣಿನ ಇಳಿಜಾರಿನಲ್ಲಿ ಆಟೊದವರು ಕೆಳಗೆ ಇಳಿಯಲು ಒಪ್ಪುತ್ತಿರಲಿಲ್ಲ. ಮಾಡಿನ ಮೇಲೆ ಮಳೆ ಹೊಡೆಯುವ ಸದ್ದಿನಲ್ಲಿ ಎದುರಿಗೆ ಕುಳಿತವರ ಮಾತು ಕೇಳಿಸುತ್ತಿರಲಿಲ್ಲ. ಪ್ರಶಾಂತ ವಾತಾವರಣ ಎಂದು ಬರೆದು ನಾನೇ ಗೆಳತಿಯರಿಗೆ ಫೋಟೊ ಕಳುಹಿಸಿದ್ದೆ. ಅವರಲ್ಲಿ ಇಬ್ಬರು ಇಲ್ಲೇ ಕುಳಿತಿದ್ದಾರೆ, ನಗುತ್ತಿದ್ದಾರೆ.

ಹಳ್ಳಿಯವರಿಗೆ ಇದೆಲ್ಲ ಗೊತ್ತಿರುವ ಸಂಗತಿ. ಮಳೆಗಾಲಕ್ಕೆ ಮುಂಚೆಯೇ ಒಡೆದ ಹೆಂಚು ತೆಗೆದು ಹೊಸದನ್ನು ಕೂರಿಸುತ್ತಾರೆ, ಜಗಲಿಗೆ ಎರಚಲು ಹೊಡೆಯದಂತೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಾರೆ, ಪಾಚಿ ಕಟ್ಟುವ ಅಂಗಳದಲ್ಲಿ ನಡೆಯುವ ಜಾಗಕ್ಕೆ ದಬ್ಬೆ, ಅಂದರೆ ಸೀಳಿದ ಅಡಿಕೆ ಮರ, ಹಾಸುತ್ತಾರೆ. ನಮಗೆ ಯಾರೂ ಹೇಳಲಿಲ್ಲ ಎಂದು ಆಗ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ, ಯಾರು ಹೇಳಬೇಕಿತ್ತು? ಬೆಂಗಳೂರಿಗೆ ಬಂದವರಿಗೆ ಸಿಗ್ನಲ್‌ನಲ್ಲಿ ಕೆಂಪು ದೀಪ ಬಂದರೆ ನಿಲ್ಲಬೇಕೆಂದು ನಾವು ಹೇಳುತ್ತೇವೆಯೇ?

ಇನ್ನು ಸಾಮಾನು ಕಡಿಮೆ ಮಾಡುವ ವಿಷಯ. ಇದರ ಬಗ್ಗೆ ನಾನು ಹೆಚ್ಚು ಮಾತನಾಡುತ್ತೇನೆ, ಏಕೆಂದರೆ ಇದನ್ನು ಮಾಡಿದವಳು ನಾನು. ಯಜಮಾನರು ತಮ್ಮ ಹತ್ಯಾರಿನ ಪೆಟ್ಟಿಗೆ, ರೇಡಿಯೊ, ಎರಡು ಚೀಲ ಪುಸ್ತಕ ಎತ್ತಿಟ್ಟುಕೊಂಡು ‘ನನ್ನದು ಆಯಿತು’ ಎಂದರು. ಉಳಿದ ಮೂರು ಮಲಗುವ ಕೋಣೆಯ ಫ್ಲಾಟು ನನ್ನ ಪಾಲಿಗೆ ಬಂತು.

ನಿಮ್ಮೆಲ್ಲರ ಮನೆಯ ಅಟ್ಟದ ಮೇಲೂ ಇರುವ ಪಾತ್ರೆಗಳಿಂದ ಶುರು ಮಾಡಿದೆ. ಎಣಿಸಿದರೆ 214 ಸ್ಟೀಲ್ ಸಾಮಾನು. ಲೋಟ, ತಟ್ಟೆ, ಡಬರಿ, ಟಿಫಿನ್ ಕ್ಯಾರಿಯರು, ಎಂದೂ ಬಳಸದ ಇಡ್ಲಿ ಪಾತ್ರೆ ನಾಲ್ಕು. ಎಲ್ಲದರ ಮೇಲೂ ಚುಕ್ಕೆ ಚುಕ್ಕೆಯಾಗಿ ಕೆತ್ತಿದ ಹೆಸರು. ‘ಚಿಕ್ಕಪ್ಪನಿಂದ, 5-5-83’, ‘ಗೃಹಪ್ರವೇಶದ ನೆನಪಿಗೆ’, ‘ಸೋದರತ್ತೆಯ ಆಶೀರ್ವಾದಗಳು’. ಪಾತ್ರೆ ಅಂಗಡಿಯ ಬಾಗಿಲಲ್ಲಿ ಸಣ್ಣ ಯಂತ್ರ ಹಿಡಿದು ಕುಳಿತಿರುತ್ತಿದ್ದ ಹುಡುಗ ಅಕ್ಷರಕ್ಕೆ ಇಷ್ಟೆಂದು ದುಡ್ಡು ತೆಗೆದುಕೊಳ್ಳುತ್ತಿದ್ದನಲ್ಲ, ಆ ಕೆತ್ತನೆ. ಅದಕ್ಕೇ ಕೆಲವರು ಹೆಸರಿನ ಮೊದಲಕ್ಷರ ಮಾತ್ರ ಹಾಕಿಸುತ್ತಿದ್ದರು. ಒಂದು ಚೊಂಬಿನ ಮೇಲೆ ‘ಕೆ.ಎಸ್.’ ಎಂದಿದೆ. ಯಾರೆಂದು ಇಂದಿಗೂ ನಮ್ಮಿಬ್ಬರಿಗೂ ತಿಳಿದಿಲ್ಲ.

ನಮ್ಮ ಕಡೆ ಇದಕ್ಕೆ ಮುಯ್ಯಿ ಎನ್ನುತ್ತಾರೆ. ಅವರು ನಮ್ಮ ಮದುವೆಗೆ ಕೊಟ್ಟದ್ದನ್ನು ನಾವು ಅವರ ಮಕ್ಕಳ ಮದುವೆಗೆ ಹಿಂತಿರುಗಿಸಬೇಕು. ನನ್ನ ತಾಯಿಯ ಬಳಿ ಇದರ ಲೆಕ್ಕಕ್ಕೆಂದೇ ಒಂದು ಪುಸ್ತಕವಿತ್ತು. ಯಾರು ಎಷ್ಟು ತೂಕದ್ದು ಕೊಟ್ಟರು, ನಾವು ತೀರಿಸಿದ್ದು ಯಾವಾಗ ಎಂಬುದೆಲ್ಲ ಅದರಲ್ಲಿತ್ತು. ನಾನು ಬ್ಯಾಂಕಿನಲ್ಲಿ ಕಲಿತ ಲೆಕ್ಕಕ್ಕಿಂತ ಆ ಲೆಕ್ಕ ಬಿಗಿಯಾಗಿತ್ತು, ಬಡ್ಡಿಯೊಂದಿರಲಿಲ್ಲ ಅಷ್ಟೆ. ಹಾಗಾಗಿ ಪಾತ್ರೆಗಳನ್ನು ತೂಕಕ್ಕೆ ಹಾಕುವಾಗ ಕೈ ಹಿಡಿದಂತಾಯಿತು. ಅಂಗಡಿಯವನು ಹೆಸರು ಓದುವುದಿಲ್ಲ. ತಕ್ಕಡಿಗೆ ಎಸೆಯುತ್ತಾನೆ. ಚಿಕ್ಕಪ್ಪ, ಸೋದರತ್ತೆ, ಕೆ.ಎಸ್. ಎಲ್ಲರೂ ಒಟ್ಟು 61 ಕಿಲೊ ತೂಗಿದರು.

ನನ್ನ ದೊಡ್ಡ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಅದೇ ಹುರುಪಿನಲ್ಲಿ ಅತ್ತೆಯ ಕಾಲದ ತಾಮ್ರದ ಹಂಡೆಯನ್ನೂ ಮಾರಿದೆ. ಗೀಸರ್ ಇರುವಾಗ ಹಂಡೆ ಏಕೆ? ಹಳ್ಳಿಯಲ್ಲಿ ಮೊದಲ ಮಳೆಗಾಲದ ಮೂರನೆಯ ವಾರ ಸಾಗರದ ಪೇಟೆಗೆ ಹೋಗಿ ಅದಕ್ಕಿಂತ ಚಿಕ್ಕ ಹಂಡೆಯನ್ನು ನಾಲ್ಕು ಪಟ್ಟು ಬೆಲೆ ಕೊಟ್ಟು ತಂದೆ. ಗೀಸರ್ ಗೋಡೆಯ ಮೇಲಿದೆ, ಅಲಂಕಾರಕ್ಕೆ. ಸೋಫಾವನ್ನು ಲಾರಿಯಲ್ಲಿ ಹೇರಿಕೊಂಡು ಹೋಗಿದ್ದೆವು. ಎರಡನೆಯ ಮಳೆಗಾಲಕ್ಕೆ ಬೂಷ್ಟು ಹಿಡಿದು ಬೆಕ್ಕಿಗೆ ಬಿಟ್ಟುಕೊಟ್ಟೆವು. ರೇಷ್ಮೆ ಸೀರೆಗಳನ್ನು ಮಗಳ ಮನೆಗೆ ಕಳುಹಿಸಿದ್ದು ಒಂದೇ ಬುದ್ಧಿವಂತಿಕೆಯ ಕೆಲಸ. ಏನನ್ನು ಬಿಡಬೇಕು ಎಂಬುದು ಬಿಡುವ ಮನೆಯಲ್ಲಿ ಕುಳಿತರೆ ಗೊತ್ತಾಗುವುದಿಲ್ಲ. ಹೋಗುವ ಮನೆಯಲ್ಲಿ ಒಂದು ಮಳೆಗಾಲ ಕಳೆದರೆ ಗೊತ್ತಾಗುತ್ತದೆ. ಆದ್ದರಿಂದ ಕೊಳ್ಳುವ ಮುಂಚೆ ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ. ಹಳ್ಳಿಯಲ್ಲಿ ಬಾಡಿಗೆ ಫಲಕ ನೇತಾಡುವುದಿಲ್ಲ, ಆದರೆ ಮಕ್ಕಳೆಲ್ಲ ಹೊರಗಿರುವ, ಬೀಗ ಹಾಕಿದ ಮನೆಗಳು ಬೇಕಾದಷ್ಟಿವೆ. ವಿಚಾರಿಸಬೇಕು. ನಾವು ವಿಚಾರಿಸಲಿಲ್ಲ.

ಹಣದ ಬಗ್ಗೆ ಎರಡೇ ಮಾತು. ಬ್ಯಾಂಕಿನವಳು ಎಂದು ನೀವು ಹೆಚ್ಚು ನಿರೀಕ್ಷಿಸಬಹುದು, ಆದರೆ ಲೆಕ್ಕ ಪರಿಶೋಧಕರನ್ನು ಕೇಳದೆ ಫ್ಲಾಟು ಮಾರಬೇಡಿ ಎನ್ನುವುದೇ ಮೊದಲ ಮಾತು. ನಾವು ಮಾರಿದಾಗ ಆದಾಯ ತೆರಿಗೆಯ 54ನೇ ಸೆಕ್ಷನ್ನಿನಲ್ಲಿ, ಮಾರುವುದಕ್ಕೆ ಒಂದು ವರ್ಷ ಮುಂಚೆ ಅಥವಾ ಮಾರಿದ ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ, ಕಟ್ಟುವುದಾದರೆ ಮೂರು ವರ್ಷದೊಳಗೆ ಕಟ್ಟಿದರೆ, ಲಾಭಕ್ಕೆ ತೆರಿಗೆ ವಿನಾಯಿತಿ ಇತ್ತು. ಎಲ್ಲರಿಗೂ ಇಷ್ಟು ಗೊತ್ತಿರುತ್ತದೆ. ಆದರೆ ನಮ್ಮಂಥವರು ಎಡವುವುದು ಇಲ್ಲೇ. ನಗರದಲ್ಲಿ ದುಬಾರಿಗೆ ಮಾರಿ ಹಳ್ಳಿಯಲ್ಲಿ ಅಗ್ಗಕ್ಕೆ ಕೊಳ್ಳುವವರು ನಾವು. ಹೊಸ ಮನೆಗೆ ಎಷ್ಟು ಹಾಕಿದ್ದೀರೋ ಅಷ್ಟಕ್ಕೇ ವಿನಾಯಿತಿ. ಉಳಿದ ಲಾಭ ತೆರಿಗೆಗೆ ಸಿಗುತ್ತದೆ. ಅದನ್ನು ಆರು ತಿಂಗಳೊಳಗೆ ನಿಗದಿತ ಬಾಂಡುಗಳಲ್ಲಿ, 50 ಲಕ್ಷದವರೆಗೆ, ಐದು ವರ್ಷಕ್ಕೆ ಇಡುವ ದಾರಿಯಿತ್ತು. ಆರು ತಿಂಗಳು ಸೋಫಾ ಸಾಗಿಸುವುದರಲ್ಲೇ ಕಳೆದುಹೋಗುತ್ತದೆ, ಎಚ್ಚರ. ಇನ್ನೊಂದು ಮಾತು, ಬಂದ ಹಣವನ್ನೆಲ್ಲ ಮನೆಗೆ, ತೋಟಕ್ಕೆ ಸುರಿಯಬೇಡಿ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 2023ರಿಂದ ಒಬ್ಬರು 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ. ಅಡಿಕೆ ಧಾರಣೆ ನೋಡಿ ಬದುಕುವ ವಯಸ್ಸಲ್ಲ ನಮ್ಮದು. ಅಡಿಕೆಯ ಕೊಳೆರೋಗದ ಹೆಸರು ಕೇಳಿ ರಾತ್ರಿ ನಿದ್ದೆಗೆಡುವುದನ್ನು ಹುಟ್ಟು ತೋಟಗಾರರಿಗೇ ಬಿಟ್ಟುಬಿಡಿ.

ಕಾಗದಪತ್ರದ ವಿಷಯಕ್ಕೆ ಬರುತ್ತೇನೆ. ನಾವು ಕೊಳ್ಳುವಾಗ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಸೆಕ್ಷನ್ನುಗಳು ಜಾರಿಯಲ್ಲಿದ್ದವು. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. ಅದಕ್ಕೇ ಗ್ರಾಮಠಾಣಾದೊಳಗಿನ, ಅಂದರೆ ಊರಿನ ಮನೆಗಳಿಗೆಂದು ಗುರುತಿಸಿದ ಜಾಗದೊಳಗಿನ, ಮನೆ ಮತ್ತು ಹಿತ್ತಿಲು ಮಾತ್ರ ನಮ್ಮದಾಯಿತು, ತೋಟ ಆಗಲಿಲ್ಲ. ಆ ಸೆಕ್ಷನ್ನುಗಳನ್ನು 2020ರಲ್ಲಿ ತೆಗೆದುಹಾಕಿದರು. ಈಗ ಯಾರು ಬೇಕಾದರೂ ಕೊಳ್ಳಬಹುದು ಎಂದು ದಲ್ಲಾಳಿಗಳು ಹೇಳುವುದು ನಿಜ. ಅವರು ಹೇಳದೆ ಬಿಡುವುದು ಬೇರೆ ಇದೆ. ಕೃಷಿ ಜಮೀನು ಕೊಂಡ ಮಾತ್ರಕ್ಕೆ ಅದರಲ್ಲಿ ಇಷ್ಟಬಂದ ಹಾಗೆ ಬಂಗಲೆ ಕಟ್ಟುವಂತಿಲ್ಲ, ಭೂ ಪರಿವರ್ತನೆಯ ಪ್ರಶ್ನೆ ಏಳುತ್ತದೆ. ಮನೆಯ ಹಿಂದಿನ ಸೊಪ್ಪಿನ ಬೆಟ್ಟವನ್ನು, ಅಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡನ್ನು, ‘ಇದೂ ನಿಮ್ಮದೇ’ ಎಂದು ಕೈ ತೋರಿಸುತ್ತಾರೆ. ಸೊಪ್ಪು, ದರಗು ತರುವ ಸವಲತ್ತು ಬೇರೆ, ಒಡೆತನ ಬೇರೆ. ಪಹಣಿಯಲ್ಲಿ 9ನೇ ಕಾಲಂನಲ್ಲಿ ಒಡೆಯನ ಹೆಸರು ನೋಡಿ ಸುಮ್ಮನಾಗಬೇಡಿ, 11ನೇ ಕಾಲಂಗೆ ಹೋಗಿ, ಸಾಲ ಮತ್ತು ಋಣ ಇರುವುದು ಅಲ್ಲಿ. ಗ್ರಾಮಠಾಣಾದ ಮನೆಯಾದರೆ ಪಂಚಾಯಿತಿಯ ಇ-ಸ್ವತ್ತು ನಮೂನೆಗಳನ್ನು ಕೇಳಿ. ಇವನ್ನೆಲ್ಲ ಒಬ್ಬ ಸ್ಥಳೀಯ ವಕೀಲರು ನಿಮಗೆ ನೋಡಿಕೊಡುತ್ತಾರೆ. ಬೆಂಗಳೂರಿನ ವಕೀಲರಿಗೆ ಸೊಪ್ಪಿನ ಬೆಟ್ಟ ಎಂದರೆ ಪುದೀನ ಬೆಳೆಯುವ ಗುಡ್ಡ.

ಯಾವ ಕಾಗದದಲ್ಲೂ ಇಲ್ಲದ ಒಂದು ವಿಷಯವಿದೆ, ದಾರಿ. ನಮ್ಮ ಮನೆಯಿಂದ ರಸ್ತೆಗೆ ಇನ್ನೂರು ಅಡಿ. ಆ ಇನ್ನೂರು ಅಡಿ ಇನ್ನೊಬ್ಬರ ತೋಟದ ಅಂಚು. ‘ನಮ್ಮ ಅಜ್ಜನ ಕಾಲದಿಂದಲೂ ಇದೇ ದಾರಿ’ ಎಂದು ಮನೆ ಮಾರಿದವರು ಹೇಳಿದ್ದರು, ಅದು ಸುಳ್ಳೂ ಅಲ್ಲ. ಆದರೆ ದಾಖಲೆಯಲ್ಲಿ ಎಲ್ಲಿಯೂ ಇಲ್ಲ. ಎರಡನೆಯ ವರ್ಷ ನಾವು ಮರಳು ತರಿಸಿದಾಗ ಲಾರಿಯ ಚಕ್ರ ಅವರ ಎರಡು ಬಾಳೆಗಿಡ ಮುರಿಯಿತು. ತೋಟದ ಯಜಮಾನರು ಬಂದು ಏನೂ ಜಗಳ ಆಡಲಿಲ್ಲ. ಮರುದಿನ ಒಂದು ಗಳು ಅಡ್ಡ ಕಟ್ಟಿದರು, ಅಷ್ಟೇ. ನಡೆದು ಹೋಗಬಹುದು, ಗಾಡಿ ಹೋಗುವುದಿಲ್ಲ.

ವಕೀಲರ ಬಳಿ ಹೋದೆವು. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ಇಪ್ಪತ್ತು ವರ್ಷ ತಡೆಯಿಲ್ಲದೆ, ಹಕ್ಕೆಂದು ಬಳಸಿದ ದಾರಿ ಹಕ್ಕಾಗುತ್ತದೆ. ಆದರೆ ‘ಹೋಗಲೇ’ ಎಂದು ಅನುಮತಿ ಕೇಳಿಕೊಂಡು ಹೋಗುತ್ತಿದ್ದರೆ ಆಗುವುದಿಲ್ಲ. ಅಂದರೆ ಮರ್ಯಾದಸ್ಥರಾಗಿ ನಡೆದುಕೊಂಡವರಿಗೆ ಹಕ್ಕಿಲ್ಲ. ಇದು ಯಾವ ನ್ಯಾಯ ಎಂದು ಕೇಳಿದೆ, ‘ಇಂಗ್ಲಿಷರ ನ್ಯಾಯ’ ಎಂದರು. ತೋಟದವರಿಗೆ ನೋಟಿಸು ಕೊಡಿಸಬೇಕೆಂದು ನಮ್ಮ ಯಜಮಾನರ ಉತ್ಸಾಹ. ನಾನು ಒಪ್ಪಲಿಲ್ಲ. ಗೆದ್ದರೂ ಆ ಇನ್ನೂರು ಅಡಿಯಲ್ಲಿ ದಿನಾ ಎರಡು ಸಲ ಅವರ ಮುಖ ನೋಡಿಕೊಂಡು ನಡೆಯಬೇಕಾದವಳು ನಾನು.

ಇಲ್ಲಿ ಒಂದು ಮಾತು, ವಿಷಯ ಬಿಟ್ಟು ಹೋದರೂ ಚಿಂತೆಯಿಲ್ಲ. ‘ಹಳ್ಳಿಗೆ ಹೋಗಿಬಿಡೋಣ’ ಎನ್ನುವವರು ಹೆಚ್ಚಾಗಿ ಗಂಡಸರು. ನಾನು ಗಮನಿಸಿದ್ದೇನೆ. ಹಳ್ಳಿಯಲ್ಲಿ ಹುಟ್ಟಿದ ಹೆಂಗಸರು ಹಾಗೆ ಹೇಳುವುದು ಕಡಿಮೆ, ಏಕೆಂದರೆ ಅವರು ಅಲ್ಲಿ ನೀರು ಹೊತ್ತಿರುತ್ತಾರೆ. ಗಂಡಸರ ನೆನಪಿನಲ್ಲಿ ಇರುವುದು ಕೆರೆಯಲ್ಲಿ ಈಜಿದ್ದು, ಮಾವಿನಕಾಯಿ ಕದ್ದದ್ದು. ನಿಮ್ಮ ಮನೆಯಲ್ಲಿ ಈ ಮಾತು ಬಂದಾಗ ಹೆಂಡತಿ ಸುಮ್ಮನೆ ಕುಳಿತರೆ ಅದನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ಬೆಂಗಳೂರಿನಲ್ಲಿ ನನಗೆ ಮನೆಕೆಲಸಕ್ಕೆ ಒಬ್ಬರು ಬರುತ್ತಿದ್ದರು, ಬೇಸರವಾದರೆ ದರ್ಶಿನಿಯಿಂದ ಇಡ್ಲಿ ಬರುತ್ತಿತ್ತು. ಹಳ್ಳಿಯಲ್ಲಿ ಯಾರೂ ಕೆಲಸಕ್ಕೆ ಬರುವುದಿಲ್ಲ, ಬರಬೇಕೆಂದು ಬಯಸುವುದೂ ಸರಿಯಲ್ಲ, ಅವರ ತೋಟದ ಕೆಲಸವೇ ಮುಗಿಯುವುದಿಲ್ಲ. ರಜೆ ಬಂತೆಂದರೆ ನಗರದಿಂದ ನೆಂಟರು ‘ನಿಮ್ಮ ಸ್ವರ್ಗ ನೋಡಲು’ ಬರುತ್ತಾರೆ. ಸ್ವರ್ಗದಲ್ಲಿ ಎಂಟು ಜನರಿಗೆ ನೀರುದೋಸೆ ಹೊಯ್ಯುವವರು ಯಾರೆಂದು ಪುರಾಣದಲ್ಲಿ ಬರೆದಿಲ್ಲ. ಹೋಗುವ ಮುಂಚೆ ಯಾವ ಕೆಲಸ ಯಾರದ್ದೆಂದು ಗಂಡ ಹೆಂಡತಿ ಮಾತಾಡಿಕೊಳ್ಳಬೇಕು. ನಮ್ಮಲ್ಲಿ ಬಚ್ಚಲ ಒಲೆ, ಸೌದೆ, ಪಾತ್ರೆ ಯಜಮಾನರದ್ದು. ಆ ಒಪ್ಪಂದ ಆದದ್ದು ಹೋದ ಮೇಲೆ, ಒಂದು ದೊಡ್ಡ ಜಗಳದ ನಂತರ.

ಸೌದೆ ಅವರದ್ದಾದ್ದರಿಂದಲೇ ಅವರು ಬಿದ್ದರು. 2021ರ ಜುಲೈ, ಆಷಾಢದ ಒಂದು ರಾತ್ರಿ, ಒಂಬತ್ತು ಗಂಟೆ. ಬೆಳಿಗ್ಗೆಗೆ ಒಣ ಸೌದೆ ಒಳಗೆ ತರುತ್ತೇನೆಂದು ಹಿಂದಿನ ಕೊಟ್ಟಿಗೆಗೆ ಹೋದವರು ಪಾಚಿಯ ಮೇಲೆ ಜಾರಿದರು. ಮುಂದಿನ ಅಂಗಳಕ್ಕೆ ದಬ್ಬೆ ಹಾಸಿದ್ದೆವು, ಹಿಂದೆ ಹಾಸಿರಲಿಲ್ಲ. ಮಳೆಯ ಸದ್ದಿನಲ್ಲಿ ಅವರು ಕರೆದದ್ದು ನನಗೆ ಕೇಳಿಸಲಿಲ್ಲ. ಹಂಡೆಗೆ ನೀರು ತುಂಬಲು ಹೋದಾಗ ಹಿಂಬಾಗಿಲಲ್ಲಿ ಬೆಳಕು ನೆಲದ ಮೇಲೆ ಬಿದ್ದಿರುವುದು ಕಂಡಿತು, ಅವರ ಟಾರ್ಚು. ಸೌದೆ ಸುತ್ತ ಚೆಲ್ಲಿತ್ತು. ‘ಏಳಿಸಬೇಡ, ಕಾಲು ನನ್ನದಲ್ಲದ ಹಾಗಿದೆ’ ಎಂದರು.

ಕರೆಂಟಿಲ್ಲ, ಮೊಬೈಲಿನಲ್ಲಿ ಸಂಕೇತವಿಲ್ಲ. ಪಕ್ಕದ ಮನೆ ಹಳ್ಳದ ಆಚೆ, ಕಾಲುಸಂಕ ದಾಟಿ ಹೋಗಬೇಕು. ಅವರನ್ನು ಮಳೆಯಲ್ಲಿ ಬಿಟ್ಟು ಹೋಗುವುದು ಹೇಗೆ? ಕೊಡೆ ಬಿಚ್ಚಿ ಅವರ ತಲೆಯ ಹತ್ತಿರ ಕಲ್ಲಿಗೆ ಒರಗಿಸಿದೆ. ದೇವರ ಕೋಣೆಗೆ ಓಡಿ ಜಾಗಟೆ ತಂದು ಜಗಲಿಯಲ್ಲಿ ನಿಂತು ಹೊಡೆದೆ. ಲಯವಿಲ್ಲ, ಮಂತ್ರವಿಲ್ಲ, ಸುಮ್ಮನೆ ಹೊಡೆದೆ. ಕೈ ಸೋತಾಗ ಎಡಗೈಯಲ್ಲಿ ಹೊಡೆದೆ. ಅಷ್ಟು ಹೊತ್ತಿಗೆ ಹಳ್ಳದ ಆಚೆಯಿಂದ ಒಂದು ಬ್ಯಾಟರಿ ಬೆಳಕು, ಅದರ ಹಿಂದೆ ಇನ್ನೆರಡು. ಆ ಮನೆಯ ಅಜ್ಜಿ ಮಗನಿಗೆ ಹೇಳಿದ್ದರಂತೆ: ‘ಬ್ಯಾಂಕಮ್ಮ ಈ ಹೊತ್ತಿನಲ್ಲಿ ಪೂಜೆ ಮಾಡುವವರಲ್ಲ, ಹೋಗಿ ನೋಡು.’

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಲು ನೋಡಿದರು, ಆಗಲಿಲ್ಲ. ಬಾಗಿಲಿನ ಹಲಗೆಯೊಂದನ್ನು ಕಳಚಿ, ಅದರ ಮೇಲೆ ಕಂಬಳಿ ಹಾಸಿ ಮಲಗಿಸಿದರು. ಒಬ್ಬ ಹುಡುಗ ಮುಖ್ಯರಸ್ತೆಗೆ ಬೈಕಿನಲ್ಲಿ ಹೋಗಿ, ಸಂಕೇತ ಸಿಗುವ ತಿರುವಿನಿಂದ 108ಕ್ಕೆ ಕರೆ ಮಾಡಿ ಬಂದ. ಆಂಬುಲೆನ್ಸ್ ಇನ್ನೊಂದು ಕಡೆ ಹೋಗಿದೆ, ಬರಲು ಹೊತ್ತಾಗುತ್ತದೆ ಎಂದರಂತೆ. ಆಗ ತೋಟದ ಯಜಮಾನರು, ಗಳು ಅಡ್ಡ ಕಟ್ಟಿದ್ದವರು, ತಮ್ಮ ಪಿಕಪ್ ಗಾಡಿಯನ್ನು ಹಿಮ್ಮುಖವಾಗಿ ಅದೇ ದಾರಿಯಲ್ಲಿ ಮನೆಯ ಬಾಗಿಲಿಗೆ ತಂದರು. ಅವರದೇ ಬಾಳೆ ನಾಲ್ಕೈದು ಮುರಿದವು. ಸಾಗರದ ಸರ್ಕಾರಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ತೊಡೆಯ ಮೂಳೆ ಎಂದರು. ಅಲ್ಲಿಂದ ಶಿವಮೊಗ್ಗ, 70 ಕಿಲೊಮೀಟರಿಗೂ ಹೆಚ್ಚು. ಪಿಕಪ್ ಅಲ್ಲಿಯವರೆಗೂ ಬಂತು. ಡೀಸೆಲ್ ಹಣ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಅವರು ಏಕೆ ಬಂದರು? ಒಳ್ಳೆಯವರು, ಹಳ್ಳಿಯವರು ಮುಗ್ಧರು ಎಂದೆಲ್ಲ ಹೇಳಿ ನಾನು ಅವರನ್ನು ಚಿಕ್ಕವರಾಗಿಸುವುದಿಲ್ಲ. ಅವರು ಮುಗ್ಧರಲ್ಲ, ಲೆಕ್ಕ ಇಡುವವರು, ನನ್ನ ತಾಯಿಯ ಹಾಗೆ. ಗಳು ಕಟ್ಟಿದ ಆರು ತಿಂಗಳ ಮೇಲೆ ಅವರ ಮನೆಯವರು ಬ್ಯಾಂಕಿನ ಒಂದು ನೋಟಿಸು ಹಿಡಿದು ನನ್ನ ಬಳಿ ಬಂದಿದ್ದರು, ಬೆಳೆಸಾಲ ನವೀಕರಣದ್ದು. ಕುಳಿತು ಫಾರಂ ತುಂಬಿಕೊಟ್ಟೆ, ಯಾವ ಕಾಗದ ಬೇಕೆಂದು ಪಟ್ಟಿ ಮಾಡಿಕೊಟ್ಟೆ. ಆಮೇಲೆ ನಮ್ಮ ಜಗಲಿಗೆ ಜನ ಬರಲು ಶುರುವಾಯಿತು. ನವೆಂಬರ್ ಬಂದರೆ ಪಿಂಚಣಿದಾರರ ಜೀವನ ಪ್ರಮಾಣಪತ್ರ. ಅಡಿಕೆ ಸುಲಿದು ಸುಲಿದು ಬೆರಳಿನ ಗೆರೆ ಸವೆದ ಹೆಂಗಸರ ಹೆಬ್ಬೆಟ್ಟನ್ನು ಯಂತ್ರ ಒಪ್ಪುವುದಿಲ್ಲ. ಮೊಬೈಲಿನಲ್ಲಿ ಮುಖ ತೋರಿಸಿ ಮಾಡುವ ವ್ಯವಸ್ಥೆ ಬಂದ ಮೇಲೆ ಅದನ್ನು ಕಲಿತುಕೊಂಡು ಮಾಡಿಕೊಡುತ್ತೇನೆ. ಗಂಡ ತೀರಿಹೋದ ಒಬ್ಬ ಅಜ್ಜಿ ಆ ಮೊಬೈಲನ್ನು ನೋಡಿ ಸೆರಗು ಸರಿಮಾಡಿಕೊಂಡು, ‘ಬದುಕಿದ್ದೇನೆ ಅಂತ ಹೇಳಲು ನಗಬೇಕೋ ಬೇಡವೋ’ ಎಂದು ಕೇಳಿದರು. ಕಣ್ಣು ಮಿಟುಕಿಸಿದರೆ ಸಾಕು ಎಂದೆ.

ಮಲೆನಾಡಿನಲ್ಲೂ ಆ ಮಾತಿದೆ, ಮುಯ್ಯಾಳು ಎಂದು. ನಿಮ್ಮ ಗದ್ದೆ ನಾಟಿಗೆ ನಾವು, ನಮ್ಮ ಗದ್ದೆ ನಾಟಿಗೆ ನೀವು, ಕೂಲಿಯ ಮಾತಿಲ್ಲ. ಈಗ ಅದು ಕಡಿಮೆಯಾಗಿದೆ, ಆದರೆ ಮನಸ್ಸಿನ ಲೆಕ್ಕದಲ್ಲಿ ಉಳಿದಿದೆ. ಆ ಪದ ಮೊದಲ ಸಲ ಕಿವಿಗೆ ಬಿದ್ದಾಗ ನನಗೆ ತಕ್ಕಡಿಯಲ್ಲಿ ಬಿದ್ದ ಪಾತ್ರೆಗಳ ಸದ್ದು ನೆನಪಾಯಿತು. 61 ಕಿಲೊ ಇಳಿಸಿ ಹಗುರಾಗಿ ಹೋದವಳು ಅಲ್ಲಿ ಮತ್ತೆ ಹೊಸ ಖಾತೆ ತೆರೆದಿದ್ದೆ. ನಿವೃತ್ತರು ಹಳ್ಳಿಗೆ ಹೋಗಿ ಊರು ಉದ್ಧಾರ ಮಾಡುವ ಉಪನ್ಯಾಸ ಕೊಡುವುದು, ದೇವಸ್ಥಾನಕ್ಕೆ ದೊಡ್ಡ ಚೆಕ್ ಬರೆಯುವುದು, ಇವೆರಡೂ ನನಗೆ ಒಗ್ಗುವುದಿಲ್ಲ. ಅದಕ್ಕೆ ಯಾರೂ ಮುಯ್ಯಿ ತೀರಿಸಲಾರರು. ತೀರಿಸಲಾಗುವಷ್ಟು ಕೊಡಿ, ಮತ್ತು ಅವರು ಕೊಟ್ಟಾಗ ತೆಗೆದುಕೊಳ್ಳಿ. ಬಾಳೆಗೊನೆ ಬಂದರೆ ‘ಅಯ್ಯೋ, ಬೇಡ’ ಎನ್ನಬೇಡಿ.

ಮನೆ ನೋಡಲು ಹೋದಾಗ ಹಾಗಾದರೆ ಏನನ್ನು ನೋಡಬೇಕು? ಬೆಟ್ಟ ಕಾಣುವ ಕಿಟಕಿಯನ್ನಲ್ಲ. ಜಾಗಟೆ ಹೊಡೆದರೆ ಕೇಳಿಸುವ ದೂರದಲ್ಲಿ ಎಷ್ಟು ಮನೆಗಳಿವೆ, ಅವುಗಳಲ್ಲಿ ನಲವತ್ತರೊಳಗಿನವರು ಎಷ್ಟು ಮಂದಿ ಎಂದು ನೋಡಿ. ಮಲೆನಾಡಿನ ಬಹಳ ಹಳ್ಳಿಗಳಲ್ಲಿ ಮಕ್ಕಳೆಲ್ಲ ಇಲ್ಲಿ, ನಿಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಇದ್ದಾರೆ. ಮುದುಕರ ಊರಿಗೆ ಇನ್ನಿಬ್ಬರು ಮುದುಕರು ಹೋಗಿ ಸೇರಿದರೆ ಹಲಗೆ ಎತ್ತುವವರು ಯಾರು? ಬಸ್ಸು ಎಷ್ಟಿದೆ ಎಂದೂ ಕೇಳಿ. ಮಹಿಳೆಯರಿಗೆ ಉಚಿತ ಪ್ರಯಾಣ 2023ರಿಂದ ಇದೆ ಎಂದು ನಾನು ಖುಷಿಪಟ್ಟಿದ್ದೆ, ಆದರೆ ನಮ್ಮ ರಸ್ತೆಯಲ್ಲಿ ಓಡುವುದು ಖಾಸಗಿ ಬಸ್ಸು. ಇಬ್ಬರಿಗೂ ಗಾಡಿ ಓಡಿಸಲು ಬರಬೇಕು. ಆ ರಾತ್ರಿ ನಮ್ಮ ಕಾರೂ ಇತ್ತು, ಓಡಿಸಲು ಬರುತ್ತಿದ್ದವರು ಹಲಗೆಯ ಮೇಲೆ ಮಲಗಿದ್ದರು. ನಾನು ಮರುವರ್ಷ, 64ನೇ ವಯಸ್ಸಿನಲ್ಲಿ ಕಲಿತೆ. ಪರೀಕ್ಷೆಯಲ್ಲಿ ಒಂದು ಸಲ ಅನುತ್ತೀರ್ಣಳಾದೆ, ಹಿಮ್ಮುಖ ಚಾಲನೆಯಲ್ಲಿ.

ಕಾಯಿಲೆಯ ಬಗ್ಗೆಯೂ ಹೇಳಬೇಕು. ಮಂಗನ ಕಾಯಿಲೆ ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ನಾವು ಮನೆ ನೋಡಿ ತೊಡೆದೇವು ತಿಂದ ಅದೇ ಚಳಿಗಾಲದಲ್ಲಿ ನಮ್ಮದೇ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಹಬ್ಬಿ ಜನ ಸತ್ತರು. ಉಣುಗಿನಿಂದ, ಅಂದರೆ ಉಣ್ಣೆಹುಳದಿಂದ, ಬರುವ ಕಾಯಿಲೆ, ಮಳೆ ನಿಂತ ಮೇಲೆ ಬೇಸಿಗೆ ಮುಗಿಯುವವರೆಗೆ ಹೆಚ್ಚು. ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಆಶಾ ಕಾರ್ಯಕರ್ತೆಯರು ಡೆಪಾ ಎಣ್ಣೆ ಕೊಟ್ಟು ಹೋಗುತ್ತಾರೆ. ಆ ತಿಂಗಳುಗಳಲ್ಲಿ ‘ಪ್ರಕೃತಿಯ ಮಡಿಲಲ್ಲಿ ವಾಯುವಿಹಾರ’ ಎಂದು ಕಾಡಿಗೆ ನುಗ್ಗಬೇಡಿ, ರಸ್ತೆಯಲ್ಲಿ ನಡೆಯಿರಿ. ಉಂಬಳದ, ಅಂದರೆ ಜಿಗಣೆಯ, ಬಗ್ಗೆ ಹೇಳುವುದೇನಿಲ್ಲ, ಅದು ರಕ್ತ ಕುಡಿದು ತಾನಾಗಿ ಹೋಗುತ್ತದೆ.

ಪ್ರಶಾಂತತೆಯ ಬಗ್ಗೆ ಏನೂ ಹೇಳಲೇ ಇಲ್ಲ ಎಂದು ಒಬ್ಬರು ಚೀಟಿ ಕಳುಹಿಸಿದ್ದಾರೆ. ಇದೆ, ಇಲ್ಲವೆನ್ನುವುದಿಲ್ಲ. ಸೆಪ್ಟೆಂಬರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ತೋಟಗಳಲ್ಲಿ ಕಳೆ ಕೊಚ್ಚುವ ಯಂತ್ರ ಕಿರುಚುತ್ತದೆ, ಬೇಸಿಗೆಯಲ್ಲಿ ರಾತ್ರಿಯಿಡೀ ಯಕ್ಷಗಾನದ ಚೆಂಡೆ, ನಡುವೆ ಮಂಗಗಳನ್ನು ಓಡಿಸುವ ಗರ್ನಾಲು. ಇವೆಲ್ಲದರ ನಡುವೆ ಅಕ್ಟೋಬರಿನ ಕೆಲವು ಬೆಳಗುಗಳಲ್ಲಿ, ಬಾವಿಕಟ್ಟೆಯ ಮೇಲೆ ಕಾಫಿ ಲೋಟ ಹಿಡಿದು ಕುಳಿತಾಗ, ಅಡಿಕೆ ಹಾಳೆ ಕಳಚಿ ಬೀಳುವ ಸದ್ದು ಕೇಳಿಸುತ್ತದೆ. ಕಷ್ಟದ ಹೊತ್ತು ಮಳೆಗಾಲದ ಸಂಜೆ ನಾಲ್ಕರಿಂದ ಏಳು. ಬೆಳಕು ಹೋಗಿರುತ್ತದೆ, ದೀಪ ಹಚ್ಚುವ ಹೊತ್ತು ಬಂದಿರುವುದಿಲ್ಲ. ಆ ಮೂರು ಗಂಟೆಗೆ ಕೈಗೊಂದು ಕೆಲಸ ಇಟ್ಟುಕೊಂಡು ಹೋಗಿ. ನಾನು ಹಲಸಿನ ಬೀಜದ ಸಿಪ್ಪೆ ಕೆರೆಯುತ್ತೇನೆ.

ಇನ್ನೊಂದು ಚೀಟಿಯಲ್ಲಿ ಹೆಸರು ಹಾಕದೆ ಒಂದೇ ಸಾಲು ಇದೆ: ‘ಒಬ್ಬರು ಹೋದ ಮೇಲೆ?’ ಇದನ್ನು ನಾವು ಮಾತಾಡಿದ್ದೇವೆ, ಆಸ್ಪತ್ರೆಯಿಂದ ಬಂದ ವರ್ಷವೇ. ಅವರು ಮೊದಲು ಹೋದರೆ ನಾನು ಹಳ್ಳಿಯ ಮನೆ ಬಿಟ್ಟು ಸಾಗರದ ಪೇಟೆಯಲ್ಲಿ, ಆಸ್ಪತ್ರೆಗೆ ನಡೆದು ಹೋಗುವಷ್ಟು ದೂರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿಯುತ್ತೇನೆ, ಜಗಲಿ ಇರುವಂಥದ್ದು. ನಾನು ಮೊದಲು ಹೋದರೆ ತಾನು ಎಲ್ಲಿಯೂ ಹೋಗುವುದಿಲ್ಲ ಎಂದು ಅವರ ಹಟ. ಅನ್ನ ಮಾಡಲು ಬರುತ್ತದೆ. ಈಗ ಸಾರು ಕಲಿಯುತ್ತಿದ್ದಾರೆ, ಹುಣಸೆಹುಳಿ ಇನ್ನೂ ಹದಕ್ಕೆ ಬಂದಿಲ್ಲ.